ಅಕ್ಕನ ಪಾಪುವಿಗೆ ಮೊದಲ ಸ್ವೆಟರ್: ಯಾವ ಉಲ್ಲನ್, ಯಾವ ಕಡ್ಡಿ, ಎಷ್ಟು ಅಳತೆ?

ಉಲ್ಲನ್ ಉಂಡೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೆಣಿಗೆ ಶುರು ಮಾಡಿ ನಾಲ್ಕೇ ತಿಂಗಳು. ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೂ ಇಲ್ಲ, ಯೂಟ್ಯೂಬ್ ನೋಡಿಯೇ ಕಲಿತಿದ್ದೇನೆ. ಸೀದಾ, ಉಲ್ಟಾ ಎರಡೂ ಬರುತ್ತವೆ. ಎರಡನ್ನೂ ಸೇರಿಸಿ ಹಿಗ್ಗುವ ಹಾಗೆ ಹೆಣೆಯುವ ರಿಬ್ ಬರುತ್ತದೆ. ಕುಣಿಕೆ ಹೆಚ್ಚು ಮಾಡುವಾಗ ಮಾತ್ರ ಇನ್ನೂ ಅಲ್ಲಲ್ಲಿ ತೂತು ಬೀಳುತ್ತದೆ.

ವಿಷಯ ಏನಂದ್ರೆ, ನಮ್ಮ ಅಕ್ಕನಿಗೆ ಈಗ ಏಳು ತಿಂಗಳು. ಡಿಸೆಂಬರ್ ಮೊದಲ ವಾರ ಡೇಟ್ ಕೊಟ್ಟಿದ್ದಾರೆ. ಬಾಣಂತನ ಸಾಗರದ ಹತ್ತಿರ ನಮ್ಮ ಅಮ್ಮನ ಮನೆಯಲ್ಲಿ. ಹೆಂಚಿನ ಮನೆ, ಮೂರು ಕಡೆ ಅಡಿಕೆ ತೋಟ, ಆ ತಿಂಗಳು ಬೆಳಿಗ್ಗೆ ಎಂಟಾದರೂ ಅಂಗಳಕ್ಕೆ ಬಿಸಿಲು ಬರುವುದಿಲ್ಲ. ಆ ಮಗುವಿನ ಮೊದಲ ಚಳಿಗೆ ನನ್ನ ಕೈಯಲ್ಲಿ ಹೆಣೆದದ್ದೇ ಮೈಮೇಲೆ ಇರಬೇಕು ಅಂತ ತುಂಬಾ ಆಸೆ.

ಅಭ್ಯಾಸಕ್ಕೆ ಅಂತ ಪಕ್ಕದ ಮನೆಯ ಎರಡು ತಿಂಗಳ ಪಾಪುವಿಗೆ ಒಂದು ಹೆಣೆದೆ. ಅಮೆರಿಕದವರ ವಿಡಿಯೋ, ಅದರಲ್ಲಿ ನಂಬರ್ 3 ಕಡ್ಡಿ ಅಂದರು, ನಾನೂ ಅಂಗಡಿಯಲ್ಲಿ ನಂಬರ್ 3 ಕೇಳಿ ತಂದೆ, ಅವರು ಹೇಳಿದಷ್ಟೇ ಕುಣಿಕೆ ಹಾಕಿದೆ. ಹೆಣೆದದ್ದು ಬಲೆಯ ಹಾಗೆ ಬಂತು. ಮೈ ದೊಗಳೆ, ಕುತ್ತಿಗೆ ಮಾತ್ರ ಬಿಗಿ. ತಲೆಯ ಮೇಲಿಂದ ಹಾಕಲು ಹೋದರೆ ಕಿವಿಯ ಹತ್ತಿರ ಸಿಕ್ಕಿಕೊಂಡು ಮಗು ಚೀರಿ ಅತ್ತಿತು. ಹೇಗೋ ಹಾಕಿದ ಮೇಲೆ ಅದರ ಪುಟ್ಟ ಬೆರಳು ತೂತಿನಲ್ಲಿ ಸಿಕ್ಕಿಕೊಂಡಿತು. ಅವತ್ತಿಂದ ಕಡ್ಡಿ ಮುಟ್ಟಲು ಭಯ.

ಎಲ್ಲಿ ತಪ್ಪಿದೆ? ಮಗುವಿಗೆ ಯಾವ ಉಲ್ಲನ್ ಒಳ್ಳೆಯದು? ಹುಟ್ಟದ ಮಗುವಿಗೆ ಅಳತೆ ಹೇಗೆ ಹಿಡಿಯುವುದು? ಇನ್ನೊಂದು, ಹುಟ್ಟುವ ಮೊದಲು ಹೊಸ ಬಟ್ಟೆ ಮಾಡಿಡಬಾರದು ಅಂತ ಅಮ್ಮ ಬೇಜಾರು ಮಾಡಿಕೊಳ್ಳುತ್ತಿದ್ದಾರೆ. ಆದರೆ ಹುಟ್ಟಿದ ಮೇಲೆ ಶುರು ಮಾಡಿದರೆ ನನ್ನ ಸ್ಪೀಡಿಗೆ ಚಳಿಗಾಲವೇ ಮುಗಿದುಹೋಗುತ್ತದೆ.

ಎಡಿಸನ್ ಕನ್ನಡತಿ, ನ್ಯೂಜೆರ್ಸಿ

ಕಡ್ಡಿಯ ಭಾಗ ನಾನು ಹೇಳುತ್ತೇನೆ, ಯಾಕಂದ್ರೆ ಇದೇ ತಪ್ಪು ನನಗೂ ಆಗಿದೆ, ಈ ಕಡೆಯಿಂದ. ನಮ್ಮಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಇಂಗ್ಲೆಂಡಿನ ನಂಬರ್. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ನಂಬರ್ ಇದಕ್ಕೆ ಪೂರ್ತಿ ವಿರುದ್ಧ, ಏರಿದಷ್ಟೂ ದಪ್ಪ. ನಿಮ್ಮ ವಿಡಿಯೋದ 3 ಅಂದರೆ 3.25 ಮಿ.ಮೀ. ಅದು ನಮ್ಮ ಊರಿನ 10. ನೀವು ತಂದ 3 ಅಂದರೆ 6.5 ಮಿ.ಮೀ. ಸರಿಯಾಗಿ ಎರಡು ಪಟ್ಟು ದಪ್ಪ! ಬಲೆಯಾಗದೆ ಇನ್ನೇನಾಗುತ್ತದೆ ಹೇಳಿ. ನಿಮ್ಮ ಕೈಯ ತಪ್ಪಲ್ಲ ಅದು.

ನಾನು ಬಸಿರಿಯಾಗಿದ್ದಾಗ ಬೆಂಗಳೂರಿನಿಂದ ತಂದ 10ನೇ ನಂಬರ್ ಕಡ್ಡಿಯಲ್ಲಿ ಇಲ್ಲಿನ ಪ್ಯಾಟರ್ನ್ ಹೆಣೆದೆ. ಅವರ 10 ಅಂದರೆ 6 ಮಿ.ಮೀ. ಟೋಪಿ ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದಾಯಿತು, ಅಷ್ಟೇ. ಅವತ್ತಿಂದ ನಂಬರ್ ನೋಡುವುದೇ ಬಿಟ್ಟೆ, ಮಿ.ಮೀ ಮಾತ್ರ ನೋಡುತ್ತೇನೆ. ಕಡ್ಡಿಯ ತಲೆಯ ಮೇಲೋ ಪ್ಯಾಕೆಟ್ಟಿನ ಮೇಲೋ ಸಾಮಾನ್ಯವಾಗಿ ಬರೆದಿರುತ್ತದೆ.

ಮುಂದೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ಕಲಿತರೆ ಅಲ್ಲೂ ಇದೇ ಪಾಡು. ಇಂಗ್ಲೆಂಡಿನವರ ಡಬಲ್ ಕ್ರೋಶಾ ಅಮೆರಿಕದವರಿಗೆ ಸಿಂಗಲ್ ಕ್ರೋಶಾ. ಪ್ಯಾಟರ್ನ್ ಯಾವ ದೇಶದ್ದು ಅಂತ ಮೊದಲು ನೋಡಿ, ಆಮೇಲೆ ದಾರ ಬಿಚ್ಚಿ.

ತೀರ್ಥಹಳ್ಳಿ ಅಮ್ಮಮ್ಮ

ಮಾರಾಯ್ತಿ, ಭಯ ಬಿಡು. ನಾಲ್ಕು ತಿಂಗಳಲ್ಲಿ ರಿಬ್ ಬಂದಿದೆ ಅಂದರೆ ಕೈ ಚೆನ್ನಾಗಿದೆ. ನಾನು ಹೆಣೆಯುತ್ತಾ 40 ವರ್ಷ ಆಯಿತು, ನಾಲ್ಕು ಮೊಮ್ಮಕ್ಕಳು ನನ್ನ ಕುಲಾವಿ ಹಾಕಿಕೊಂಡೇ ಬೆಳೆದರು.

ತಲೆಯ ಮೇಲಿಂದ ಹಾಕುವ ಸ್ವೆಟರ್ ಎಳೆ ಮಗುವಿಗೆ ಬೇಡವೇ ಬೇಡ. ಕುತ್ತಿಗೆ ನಿಂತಿರುವುದಿಲ್ಲ, ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಎಳೆಯಬೇಕು. ಮುಂದೆ ಪೂರ್ತಿ ತೆರೆಯುವ ಹಾಗೆ ಹೆಣೆ. ಜಬ್ಲಾ ನೋಡಿದ್ದೀಯಲ್ಲ, ಒಂದು ಪಕ್ಕ ಇನ್ನೊಂದರ ಮೇಲೆ ಬರುವಂಥದ್ದು, ಆ ಥರ ಆದರೆ ಮಲಗಿಸಿದಲ್ಲೇ ಹಾಕಿ ಮಲಗಿಸಿದಲ್ಲೇ ತೆಗೆಯಬಹುದು. ಮಗು ದಪ್ಪ ಆದ ಹಾಗೆ ಅದೂ ಅಷ್ಟು ಸಡಿಲ ಬಿಡುತ್ತದೆ. ಕುತ್ತಿಗೆ ಬಿಗಿಯಾಗಿದ್ದು ಕೊನೆಯ ಸಾಲು ಮುಗಿಸುವಾಗ ದಾರ ಎಳೆದಿದ್ದರಿಂದ. ಅದೊಂದು ಸಾಲು ಮಾತ್ರ ಒಂದು ಸೈಜ್ ದಪ್ಪ ಕಡ್ಡಿಯಲ್ಲಿ ಮುಗಿಸು.

ಅಳತೆ. ಹುಟ್ಟಿದ ಮಗುವಿಗೆ ಅಂತ ಹೆಣೆಯಬೇಡ, ಮೂರು ವಾರ ಹಾಕಿದರೆ ಹೆಚ್ಚು. ಮೂರರಿಂದ ಆರು ತಿಂಗಳಿನದು ಹೆಣೆ, ಎದೆ ಸುತ್ತಳತೆ 46 ಸೆಂ.ಮೀ ಇರಲಿ, ಮೊದಲಿಗೆ ತೋಳು ಮಡಚಿದರಾಯಿತು. 4 ಪ್ಲೈ, ಅಂದರೆ ತೆಳು ದಾರದ ಉಲ್ಲನ್ನು ನಮ್ಮ 10ನೇ ನಂಬರ್ ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀಗೆ ಸುಮಾರು 28 ಕುಣಿಕೆ ಬರಬೇಕು. ಆ ಲೆಕ್ಕದಲ್ಲಿ 46ಕ್ಕೆ 128 ಕುಣಿಕೆ. ಜಬ್ಲಾ ಥರ ಆದರೆ ಒಂದರ ಮೇಲೊಂದು ಬರುವ ಪಕ್ಕಕ್ಕೆ ಇದರ ಮೇಲೆ ಬೇರೆ ಕುಣಿಕೆ ಬೇಕು. ಆದರೆ ನನ್ನ ಕೈ ಬೇರೆ, ನಿನ್ನ ಕೈ ಬೇರೆ. ಮೊದಲು ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳೆ. ಈ ಚೌಕ ಬಿಟ್ಟವರೆಲ್ಲ ಕೊನೆಗೆ ಬಿಚ್ಚುತ್ತಾರೆ, ನಾನು ನೋಡಿದ್ದೇನೆ.

ಕುಲಾವಿ, ಟೋಪಿ ಮಾತ್ರ ತಲೆಗಿಂತ ಸ್ವಲ್ಪ ಚಿಕ್ಕದಿರಬೇಕು, ರಿಬ್ ಹಿಗ್ಗುತ್ತದೆ. ಹುಟ್ಟಿದಾಗ ತಲೆ ಸುಮಾರು 34–35 ಸೆಂ.ಮೀ, ಮೂರು ತಿಂಗಳಿಗೆ 40ರ ಹತ್ತಿರ. 100 ಕುಣಿಕೆ ಹಾಕಿದರೆ ಸರಿಯಾಗುತ್ತದೆ.

ಉಲ್ಲನ್ ವಿಷಯಕ್ಕೆ ಒಂದು ಮಾತು. ಅಂಗಡಿಯಲ್ಲಿ ಬೇಬಿ ಉಲ್ಲನ್ ಅಂತ ಕೊಡುವುದರಲ್ಲಿ ಜಾಸ್ತಿ ಅಕ್ರಿಲಿಕ್. ಮೆತ್ತಗಿರುತ್ತದೆ, ಒಗೆಯಲು ಸುಲಭ, ಬೆಲೆ ಕಡಿಮೆ, ಅದು ನಿಜ. ಆದರೆ ನಮ್ಮ ಕಡೆ ಬಾಣಂತನ ಅಂದರೆ ಬಚ್ಚಲ ಒಲೆ ಇದ್ದೇ ಇದೆ. ಅಕ್ರಿಲಿಕ್ ಬೆಂಕಿಗೆ ಕರಗಿ ಅಂಟುತ್ತದೆ. ಒಲೆಯ ಹತ್ತಿರ ಎತ್ತಿಕೊಳ್ಳುವ ಮಗುವಿಗೆ ನಾನು ಅದನ್ನು ಹಾಕುವುದಿಲ್ಲ. ಲೇಬಲ್ ನಂಬಿಕೆ ಬರದಿದ್ದರೆ ಒಂದು ಚೂರು ದಾರ ಸುಟ್ಟು ನೋಡು. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ, ಅಕ್ರಿಲಿಕ್ ಗಟ್ಟಿ ಮಣಿಯಾಗುತ್ತದೆ. ಮೆರಿನೋ ಕುರಿಯ ನಯವಾದ ಉಣ್ಣೆ ಸಿಕ್ಕರೆ 150 ಗ್ರಾಂ ತಗೋ, ಒಂದು ಜಬ್ಲಾಕ್ಕೆ ಸಾಕು. ಒಗೆಯಲು ಬಿಸಿನೀರು ಬೇಡ, ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ ಒಣಗಿಸು. ನೇತುಹಾಕಿದರೆ ಜೋಲುತ್ತದೆ.

ಅಮ್ಮನ ಜೊತೆ ವಾದ ಮಾಡಬೇಡ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಮೊದಲು ಹಳೆ ಸೀರೆ, ಹಳೆ ಪಂಚೆಯ ಮೆತ್ತನೆ ಬಟ್ಟೆಯೇ. ನೀನು ಹೆಣೆದು ದಾವಣಗೆರೆಯಲ್ಲೇ ಇಟ್ಟುಕೋ, ಕೊನೆಯ ಗುಂಡಿ ಹೊಲಿಯದೆ ಬಿಡು. ಮಗು ಹುಟ್ಟಿದ ಸುದ್ದಿ ಬಂದ ದಿನ ಕೂತು ಆ ಗುಂಡಿ ಹೊಲಿ. ನಾಮಕರಣಕ್ಕೆ ತೆಗೆದುಕೊಂಡು ಹೋಗು. ನಾನು ನಾಲ್ಕು ಸಲವೂ ಹಾಗೇ ಮಾಡಿದ್ದು.

ಧಾರವಾಡದವ

ನಮ್ಮ ಕಡೆ ಕುಲಾವಿಗೆ ಕುಂಚಿಗೆ ಅಂತೀವಿ. ನಮ್ಮವ್ವ ನನಗೆ ಹಾಕುತ್ತಿದ್ದ ಕುಂಚಿಗೆ ಇನ್ನೂ ಟ್ರಂಕಿನಲ್ಲಿದೆ, ಬೆನ್ನ ಮೇಲೆ ಇಳಿಬಿದ್ದಿರುತ್ತದಲ್ಲ, ಅಂಥದ್ದು. ಅಮ್ಮಮ್ಮನವರೇ, ಒಂದು ಕೇಳಬೇಕಿತ್ತು. ನಮ್ಮ ಕುರಿ ಉಣ್ಣೆಯಲ್ಲಿ, ಅಂದರೆ ಕಂಬಳಿ ನೇಯುವ ದಾರದಲ್ಲಿ, ಮಕ್ಕಳಿಗೆ ಹೆಣೆಯಬಹುದಾ? ಮೆರಿನೋ ಅಂತ ಹೊರಗಿನದು ತರುವ ಬದಲು ನಮ್ಮ ಊರಿನ ಕುರುಬರ ಹತ್ತಿರ ಕೊಂಡರೆ ಅವರಿಗೂ ನಾಲ್ಕು ಕಾಸು ಅಲ್ವಾ?

ತೀರ್ಥಹಳ್ಳಿ ಅಮ್ಮಮ್ಮ

ನಿಮ್ಮ ಯೋಚನೆ ಒಳ್ಳೆಯದು. ಆದರೆ ಮಗುವಿನ ಮೈಗೆ ಬೇಡ. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮಳೆಗೆ, ನೆಲದ ಥಂಡಿಗೆ ಅದನ್ನು ಮೀರಿದ್ದಿಲ್ಲ, ಕಂಬಳಿಯ ಗುಣವೇ ಅದು. ಎಳೆಯ ದಪ್ಪ 30 ಮೈಕ್ರಾನ್ (ಮಿ.ಮೀಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಾಟಿದರೆ ಚರ್ಮಕ್ಕೆ ಚುಚ್ಚುತ್ತದೆ. ಮೆರಿನೋ 20ರ ಆಸುಪಾಸು ಇರುತ್ತದೆ. ಕಂಬಳಿ ಕೊಳ್ಳಿ, ತೊಟ್ಟಿಲ ಕೆಳಗೆ ನೆಲಕ್ಕೆ ಹಾಸಿ. ಮಗುವಿನ ಕೆನ್ನೆಗೆ ತಾಗುವುದು ಬೇರೆ ಇರಲಿ.

ರಾತ್ರಿಪಾಳಿ ಸಿಸ್ಟರ್, ಮೈಸೂರು

ನಾನು ನವಜಾತ ಶಿಶು ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ರಜೆಯಲ್ಲಿ ಹೆಣೆಯುತ್ತೇನೆ. ಅಮ್ಮಮ್ಮನವರು ಹೇಳಿದ್ದೆಲ್ಲ ಸರಿ. ನಾನು ಒಳಗಿನ ಮಗ್ಗುಲಿನ ಬಗ್ಗೆ ಹೇಳಬೇಕು, ಯಾಕಂದ್ರೆ ಹೆಣೆಯುವವರು ಹೊರಗಿನ ಚಂದವನ್ನೇ ನೋಡುತ್ತಾರೆ.

ಕಾಲುಚೀಲ, ಕೈಗವಸುಗಳನ್ನು ಹಾಕುವ ಮೊದಲು ಪ್ರತಿ ಸಲ ಉಲ್ಟಾ ಮಾಡಿ ನೋಡಿ. ಒಳಗೆ ಸಡಿಲ ದಾರ ಇದ್ದರೆ ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದೆ, ರಕ್ತ ನಿಲ್ಲುತ್ತದೆ, ಬೆರಳು ಊದಿ ಕೆಂಪಾಗುತ್ತದೆ. ಮಗು ಯಾಕೆ ಅಳುತ್ತಿದೆ ಅಂತ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಹಸಿವು ಅಂದುಕೊಳ್ಳುತ್ತಾರೆ. ಅಂಥ ಒಂದು ಕಾಲ್ಬೆರಳಿನಿಂದ ದಾರ ಬಿಡಿಸಿದ್ದೇನೆ, ಇವತ್ತಿಗೂ ಮರೆತಿಲ್ಲ. ಹಾಗಾಗಿ ದಾರದ ತುದಿಗಳನ್ನು ಐದಾರು ಸೆಂ.ಮೀ ಒಳಗೆ ಪೋಣಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ಪೋಣಿಸಿ, ಆಮೇಲೆ ಕತ್ತರಿಸಿ. ಹೊಸ ಉಂಡೆ ಸೇರಿಸುವುದು ಅಂಚಿನಲ್ಲೇ ಇರಲಿ. ಜಾಲರಿ ಡಿಸೈನ್ ಎಷ್ಟೇ ಚಂದ ಇದ್ದರೂ ಎಳೆ ಮಗುವಿಗೆ ಬೇಡ, ನಿಮ್ಮ ಪಕ್ಕದ ಮನೆಯಲ್ಲಿ ಆಗಿದ್ದು ಅದೇ ಅಲ್ವಾ.

ಕುತ್ತಿಗೆಯ ಸುತ್ತ ಲಾಡಿ, ರಿಬ್ಬನ್, ಉಲ್ಲನ್ ಗೊಂಡೆ ಬೇಡ. ಕುಲಾವಿಗೆ ಕಟ್ಟುವ ದಾರ ಇದ್ದರೆ ಮಲಗಿಸುವಾಗ ಕುಲಾವಿಯನ್ನೇ ತೆಗೆಯಿರಿ. ದಿನ ತುಂಬಿ ಹುಟ್ಟಿದ ಆರೋಗ್ಯದ ಮಗುವಿಗೆ ಮನೆಯೊಳಗೆ ಮಲಗುವಾಗ ಟೋಪಿ ಬೇಡ, ಮಗು ತಲೆಯಿಂದಲೇ ಮೈಯ ಬಿಸಿ ಬಿಡುತ್ತದೆ. ಸಡಿಲ ಹೊದಿಕೆಯನ್ನೂ ಹಾಸಿಗೆಯಲ್ಲಿ ಬಿಡಬೇಡಿ. ಕೈಕಾಲು ತಣ್ಣಗಿದೆ ಅಂತ ಇನ್ನೊಂದು ಸ್ವೆಟರ್ ಹಾಕುತ್ತಾರೆ, ಅದು ತಪ್ಪು. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ನಮ್ಮ ವಾರ್ಡಿನಲ್ಲಿ ಕಾಂಗರೂ ಆರೈಕೆ ಕೊಡುತ್ತೇವೆ, ಮಗುವನ್ನು ತಾಯಿಯ ಎದೆಗೆ ಬರಿ ಮೈಯಲ್ಲಿ ಒರಗಿಸುವುದು. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಶುರುವಾದ ಪದ್ಧತಿ ಅದು. ಆಗ ಮಗುವಿನ ಮೈಮೇಲೆ ಇರುವುದು ಟೋಪಿ, ಕಾಲುಚೀಲ, ಡಯಾಪರ್ ಇಷ್ಟೇ. ಕಿತ್ತಳೆಗಿಂತ ಸ್ವಲ್ಪ ದೊಡ್ಡ ತಲೆಗೆ ಅಂಗಡಿಯಲ್ಲಿ ಟೋಪಿ ಸಿಗುವುದೇ ಇಲ್ಲ. ನನ್ನ ಹೆಣಿಗೆ ಹೆಚ್ಚಿನದು ಅದಕ್ಕೇ.

ಇನ್ನೊಂದು ಮುಖ್ಯ ವಿಷಯ, ದಯವಿಟ್ಟು ಓದಿ. ಎತ್ತಿಡುವ ಉಲ್ಲನ್ ಬಟ್ಟೆಗೆ ನುಸಿಗುಳಿಗೆ ಹಾಕಬೇಡಿ. ರಕ್ತಕಣ ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಅದರ ಹಬೆಯಿಂದ ರಕ್ತಕಣ ಒಡೆದು ಜೋರು ಕಾಮಾಲೆ ಬರುತ್ತದೆ. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಸಾಕು.

ಉಲ್ಲನ್ ಉಂಡೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೆರಡು ಸಲ ಓದಿದೆ. ಪಕ್ಕದ ಮನೆಗೆ ಹೋಗಿ ಆ ಸ್ವೆಟರ್ ವಾಪಸ್ ತಂದು ಪೂರ್ತಿ ಬಿಚ್ಚಿದೆ, ಉಂಡೆ ಸುತ್ತಿಟ್ಟಿದ್ದೇನೆ. ಅದರ ತುದಿ ಸುಟ್ಟು ನೋಡಿದೆ, ಕಪ್ಪು ಮಣಿ ಆಯಿತು. ಬೇಬಿ ಉಲ್ಲನ್ ಅಂತಲೇ ಕೊಟ್ಟಿದ್ದರು.

ಅಮ್ಮನಿಗೆ ಫೋನಿನಲ್ಲಿ ಕೊನೆಯ ಗುಂಡಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಮ್ಮಜ್ಜಿಯೂ ಕೌದಿಯ ಒಂದು ಮೂಲೆ ಹಾಗೇ ಬಿಡುತ್ತಿದ್ದರು ಅಂತ ಹೇಳಿದರು. ಬಣ್ಣ ಅರಿಶಿನ ಇರಲಿ ಅಂತ ಅವರೇ ಹೇಳಿದ್ದು.

ಇವತ್ತು ಮೆರಿನೋ 4 ಪ್ಲೈ, 10ನೇ ನಂಬರ್ ಕಡ್ಡಿಯಲ್ಲಿ ಚೌಕ ಹೆಣೆದು, ಒಗೆದು, ಒಣಗಿಸಿ ಅಳೆದೆ. 10 ಸೆಂ.ಮೀಗೆ 28ರ ಬದಲು 31 ಕುಣಿಕೆ ಬಂತು. ನನ್ನ ಕೈ ಬಿಗಿ ಅಂತ ಕಾಣುತ್ತದೆ. ಕಡ್ಡಿ ಬದಲಾಯಿಸಬೇಕಾ ಅಥವಾ ಕುಣಿಕೆ ಹೆಚ್ಚು ಹಾಕಲಾ, ಅಮ್ಮಮ್ಮ?

ತೀರ್ಥಹಳ್ಳಿ ಅಮ್ಮಮ್ಮ

ಕಡ್ಡಿ ಬದಲಾಯಿಸು. 9ನೇ ನಂಬರ್, 3.75 ಮಿ.ಮೀ. ಬಿಗಿ ಹೆಣಿಗೆ ಮಗುವಿನ ಮೈಗೆ ಬಾಗುವುದಿಲ್ಲ. ಇನ್ನೊಂದು ಚೌಕ ಹೆಣೆದು ಎಷ್ಟು ಬಂತು ಅಂತ ಇಲ್ಲೇ ಹಾಕು, ಜಬ್ಲಾದ ಲೆಕ್ಕ ನಾನು ಬರೆದುಕೊಡುತ್ತೇನೆ.