ಐದು ಜನ, ಐದು ರುಚಿ: ಯಾರಿಗೆ ಯಾವ ಅನಿಮೆ ಮೊದಲು ಕೊಡೋದು?

ಜಗಲಿಕಟ್ಟೆ:

ಅನಿಮೆ (ಜಪಾನಿನ ಆನಿಮೇಷನ್) ಅಂದರೆ ಮಕ್ಕಳ ಕಾರ್ಟೂನ್ ಅಂದುಕೊಂಡಿರೋ ಮನೆಯವರಿಗೆ ಸರಣಿ ಆರಿಸಬೇಕು. ಎಲ್ಲರಿಗೂ ಅದೇ "ಟಾಪ್ 10" ಪಟ್ಟಿ ಕಳಿಸಿದರೆ ಯಾರೂ ಎರಡನೇ ಎಪಿಸೋಡ್ ದಾಟಲ್ಲ ಅಂತ ಗೊತ್ತು. ಹಾಗಾಗಿ ಒಬ್ಬೊಬ್ಬರದೂ ಬರೀತೀನಿ:

1. ವಯಸ್ಸು 35, ಕ್ರೈಂ ಸೀರೀಸ್ ಮಾತ್ರ ನೋಡೋದು. ಮಾಟ ಮಂತ್ರ, ದೆವ್ವ ಭೂತ ಬಂದರೆ ಟಿವಿ ಆಫ್.
2. ಅಮ್ಮ, 62. ಕಾದಂಬರಿ ಓದ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಅರ್ಥ ಆಗುತ್ತೆ, ಆದರೆ ಓದೋದು ನಿಧಾನ. ರಕ್ತ ಬೇಡ.
3. ಕಾಲೇಜು ಹುಡುಗ. ವಾಲಿಬಾಲ್, ಕಬಡ್ಡಿ ಬಿಟ್ಟರೆ ಪ್ರಪಂಚ ಇಲ್ಲ.
4. 10 ವರ್ಷದ ಹುಡುಗಿ. ಡೋರೆಮಾನ್ ಬಾಯಿಪಾಠ.
5. ಬ್ಯಾಂಕ್ ಕೆಲಸದವರು. ಪ್ರೀತಿ ಇರಲಿ, ಆದರೆ ಹೈಸ್ಕೂಲ್ ಪ್ರೀತಿ ಬೇಡವಂತೆ.

ಮೊದಲ ಸರಣಿ 26 ಎಪಿಸೋಡ್ ಒಳಗಿದ್ದರೆ ಒಳ್ಳೇದು. ಕನ್ನಡ ಡಬ್ ಇದ್ದರೆ ಅದನ್ನೂ ಹೇಳಿ.

ಸಬ್‌ಟೈಟಲ್ ಶಾನುಭೋಗ:

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಕನ್ನಡ ಡಬ್ ಆಸೆ ಸದ್ಯಕ್ಕೆ ಬಿಡಿ. ಅನಿಮೆ ತೋರಿಸೋ ಆ್ಯಪ್ ಕ್ರಂಚಿರೋಲ್‌ನಲ್ಲಿ ಆಯ್ದ ಸರಣಿಗಳಿಗೆ ಹಿಂದಿ, ತಮಿಳು, ತೆಲುಗು ಡಬ್ ಇದೆ. ನಮಗೆ ಉಳಿಯೋದು ಅದು, ಇಲ್ಲ ಇಂಗ್ಲಿಷ್ ಸಬ್‌ಟೈಟಲ್.

ಇನ್ನು ಆರಿಸೋ ವಿಚಾರ. "ಯಾವ ಥರದ್ದು ಇಷ್ಟ?" ಅಂತ ಕೇಳಿದರೆ ಎಲ್ಲರೂ "ಥ್ರಿಲ್ಲರ್" ಅಂತಾರೆ, ಅದರಿಂದ ಏನೂ ತಿಳಿಯಲ್ಲ. ಕೊನೆಗೆ ಪೂರ್ತಿ ನೋಡಿ ಮುಗಿಸಿದ್ದು ಯಾವುದು, ಅರ್ಧಕ್ಕೆ ಬಿಟ್ಟಿದ್ದು ಯಾವುದು, ಯಾಕೆ ಬಿಟ್ಟಿರಿ ಅಂತ ಕೇಳಿ. ಆ "ಯಾಕೆ"ಯಲ್ಲೇ ಉತ್ತರ ಇರುತ್ತೆ. ನಿಮ್ಮ ಒಂದನೇ ನಂಬರ್‌ನವರು ಅದನ್ನ ಆಗಲೇ ಹೇಳಿಬಿಟ್ಟಿದ್ದಾರೆ: ಮಾಟ ಮಂತ್ರ ಬೇಡ. ಕ್ರೈಂ ಅಂದ ತಕ್ಷಣ ಎಲ್ಲರೂ "ಡೆತ್ ನೋಟ್" ಕೊಡ್ತಾರೆ. ಹೆಸರು ಬರೆದರೆ ಸಾಯೋ ಪುಸ್ತಕ, ಪಕ್ಕದಲ್ಲಿ ರೆಕ್ಕೆ ಇರೋ ಯಮದೂತ. ಮೊದಲ ಎಪಿಸೋಡಲ್ಲೇ ಟಿವಿ ಆಫ್.

ಅವರಿಗೆ "ಆಡ್ ಟ್ಯಾಕ್ಸಿ" ಕೊಡಿ. 2021ರದ್ದು, 13 ಎಪಿಸೋಡ್. 41 ವರ್ಷದ ಟ್ಯಾಕ್ಸಿ ಡ್ರೈವರ್, ಒಬ್ಬ ಹುಡುಗಿ ನಾಪತ್ತೆ, ಸುತ್ತ ರೌಡಿಗಳು, ಪೊಲೀಸರು, ಹೆಸರು ಮಾಡೋಕೆ ಪರದಾಡೋ ಹಾಸ್ಯದ ಜೋಡಿ. ಪಾತ್ರಗಳೆಲ್ಲ ಪ್ರಾಣಿ ಮುಖದವು, ಡ್ರೈವರ್ ಒಬ್ಬ ವಾಲ್ರಸ್. ಅದನ್ನ ನೋಡಿ "ಮಕ್ಕಳದ್ದಾ?" ಅಂತ ಕೇಳಿದರೆ ಎರಡು ಎಪಿಸೋಡ್ ತಡೆಯೋಕೆ ಹೇಳಿ. ಟ್ಯಾಕ್ಸಿಯಲ್ಲಿ ಸುಮ್ಮನೆ ಆಡಿದ ಮಾತು ಆರು ಎಪಿಸೋಡ್ ಆದಮೇಲೆ ಸಾಕ್ಷಿಯಾಗಿ ವಾಪಸ್ ಬರುತ್ತೆ. ಫೋನ್ ನೋಡ್ತಾ ನೋಡೋ ಸರಣಿ ಅಲ್ಲ ಇದು. ಮುಳ್ಳುಹಂದಿ ರೌಡಿಯೊಬ್ಬ ಪೂರ್ತಿ ಪ್ರಾಸದಲ್ಲೇ ಮಾತಾಡ್ತಾನೆ, ಅವನು ಬಂದಾಗ ಸಬ್‌ಟೈಟಲ್ ಸ್ವಲ್ಪ ತೊಡಕು.

ಅದು ಹಿಡಿಸಿದರೆ ಆಮೇಲೆ "ಮಾನ್‌ಸ್ಟರ್". 1986ರ ಜರ್ಮನಿ, ಡ್ಯುಸೆಲ್ಡಾರ್ಫ್‌ನಲ್ಲಿ ಜಪಾನೀ ಮೆದುಳು ಸರ್ಜನ್ ಒಬ್ಬ ಮೇಯರ್‌ನ ಬಿಟ್ಟು ಗುಂಡೇಟು ತಿಂದ ಹುಡುಗನನ್ನ ಉಳಿಸ್ತಾನೆ, ಆ ಹುಡುಗ ಏನಾದ ಅನ್ನೋದೇ ಕಥೆ. ಆದರೆ 74 ಎಪಿಸೋಡ್, ಹತ್ತಿರ ಹತ್ತಿರ 28 ಗಂಟೆ. ಮಧ್ಯದಲ್ಲಿ ಪ್ರತಿ ಎಪಿಸೋಡಿಗೂ ಹೊಸ ಊರು, ಹೊಸ ಜನ. ಬಿಡೋರು ಅಲ್ಲೇ ಬಿಡೋದು. ಮೊದಲ ಸರಣಿಯಾಗಿ ಕೊಡಬೇಡಿ.

ಅಮ್ಮನಿಗೆ "ಮುಶಿಶಿ". 2005ರದ್ದು, 26 ಎಪಿಸೋಡ್, ಪ್ರತಿಯೊಂದೂ ಬಿಡಿ ಕಥೆ. ಮಾತು ಕಡಿಮೆ, ಇದ್ದ ಮಾತೂ ನಿಧಾನ, ಸಬ್‌ಟೈಟಲ್ ಓದಿ ಮುಗಿಸಿ ಚಿತ್ರ ನೋಡೋಕೂ ಸಮಯ ಸಿಗುತ್ತೆ. ಮೊದಲ ಕಥೆಯಲ್ಲಿ ಕಾಡಿನ ನಡುವೆ ಒಂಟಿಯಾಗಿರೋ ಹುಡುಗ. ಎಡಗೈಯಲ್ಲಿ ಏನು ಬರೆದರೂ ಅದಕ್ಕೆ ಜೀವ ಬರುತ್ತೆ. ಅವನ ಅಜ್ಜಿಯ ಕಥೆ ಅರ್ಧಕ್ಕೆ ಒಡೆದ ಒಂದು ಹಸಿರು ಬಟ್ಟಲಲ್ಲಿ ಸಿಕ್ಕಿಹಾಕಿಕೊಂಡಿದೆ. ಆ ಬಟ್ಟಲಿನ ಇನ್ನರ್ಧ ಹೇಗೆ ಸಿಗುತ್ತೆ ಅನ್ನೋದಷ್ಟೇ. ಹೊಡೆದಾಟ ಇಲ್ಲ, ಖಳನಾಯಕ ಇಲ್ಲ. ಒಂದು ಎಚ್ಚರ: ಎರಡನೇ ಎಪಿಸೋಡ್ ಕಣ್ಣಿನ ಕಾಯಿಲೆಯದ್ದು, ನೋಡೋಕೆ ಮೈ ಜುಂ ಅನ್ನುತ್ತೆ. ಬಿಡಿ ಕಥೆಗಳಾದ್ದರಿಂದ 1 ಆದಮೇಲೆ ಸೀದಾ 7ಕ್ಕೆ ಹೋಗಿ, ಕಾಮನಬಿಲ್ಲಿನ ಹಿಂದೆ ಬಿದ್ದವನ ಕಥೆ. ಎರಡನೆಯದನ್ನ ಆಮೇಲೆ ನೋಡಬಹುದು.

ಹುಬ್ಬಳ್ಳಿ ಲಿಬೆರೊ:

ಮೂರನೇ ನಂಬರಿನ ಹುಡುಗಗ ಹೈಕ್ಯೂ ಕೊಡ್ರಿ, ಬ್ಯಾರೆ ಮಾತ ಬ್ಯಾಡ. ನಾಲ್ಕು ಸೀಸನ್: 25, 25, 10, 25. ಒಟ್ಟ 85, ನಿಮ್ಮ 26ರ ಗೆರಿ ದಾಟತದ ಖರೆ. ಆದ್ರ ಮೊದಲ ಸೀಸನ್ ಮುಗಿಯೂದ್ರಾಗ ಒಂದು ಟೂರ್ನಮೆಂಟ್ ಮುಗದಿರತದ, ಅಲ್ಲಿಗೆ ನಿಂತ್ರೂ ಅರ್ಧಕ್ಕ ಬಿಟ್ಟಂಗ ಅನಸೂದಿಲ್ಲ. ಮೂರನೇ ಸೀಸನ್ನಿನ 10 ಎಪಿಸೋಡೂ ಸೇರಿ ಒಂದ ಮ್ಯಾಚ್, ಐದು ಸೆಟ್. ವಾಲಿಬಾಲ್ ಆಡಾಂವಗ ಅದು ಹಬ್ಬ. ಆಡಲಾರದಾಂವಗ ಬ್ಯಾಸರ.

ಇದರಾಗ ಆಟದ ತಪ್ಪು ಹುಡುಕಿದ್ರ ಸಿಗೂದು ಕಷ್ಟ. ಹೀರೋ ಗಿಡ್ಡ ಇದ್ರೂ ಮಿಡಲ್ ಬ್ಲಾಕರ್, ಅಂದ್ರ ನೆಟ್ಟಿನ ನಡುವ ಆಡಾಂವ. ಅವನ್ನ ಬ್ಲಾಕ್ ಮಾಡಾಕ ಎದುರಿನವ್ರು ಜಿಗದಾಗ ಚೆಂಡು ಬ್ಯಾರೆಯವನ ಕೈಗೆ ಹೋಗಿರತದ, ಅಂದ್ರ ಆಂವ ಓಡಿ ಬರೂದ ಒಂದು ಮೋಸ. ರಿಸೀವ್ (ಎದುರಿನ ಸರ್ವ್ ಎತ್ತೂದು) ಕೆಟ್ರ ಸೆಟರ್‌ಗೆ (ಹೊಡಿಯಾಕ ಚೆಂಡು ಎತ್ತಿ ಕೊಡಾಂವ) ಆಯ್ಕೆ ಯಾಕ ಕಡಿಮಿ ಆಗತಾವ, ಲಿಬೆರೊ (ಹಿಂದ ನಿಂತು ಡಿಫೆನ್ಸ್ ಅಷ್ಟ ಮಾಡಾಂವ) ಯಾವಾಗ ಒಳಗ ಬರತಾನ, ಎಲ್ಲಾ ಬಿಡಿಸಿ ತೋರಸ್ತಾರ. ನಾಲ್ಕು ಸೀಸನ್ ಆದಮ್ಯಾಲೆ 2024ರ ಸಿನಿಮಾ ನೋಡ್ರಿ, ಅದಕ್ಕಿಂತ ಮೊದಲ ನೋಡಬ್ಯಾಡ್ರಿ. ಎರಡು ತಂಡದ ಹಳೇ ಲೆಕ್ಕ ಗೊತ್ತಿಲ್ದ ಅದರ ರುಚಿ ಹತ್ತೂದಿಲ್ಲ.

ಕಬಡ್ಡಿದೂ ಐತಿ! "ಶಾಕುನೆತ್ಸು ಕಬಡ್ಡಿ", 2021, 12 ಎಪಿಸೋಡ್. ಫುಟ್‌ಬಾಲ್ ಬಿಟ್ಟು ಬಂದ ಹುಡುಗ ರೇಡರ್ ಆಗತಾನ. ಚಿತ್ರ ಅಷ್ಟಕ್ಕಷ್ಟ, ಗಟ್ಟಿ ಹಿಡಿಯೂ ಹೊತ್ತಿನ್ಯಾಗ ಫ್ರೇಮ್ ನಿಂತ ಬಿಡತದ, ರೇಡ್ ನಡುವ ಮಾತು ಜಾಸ್ತಿ, ಕಥಿನೂ ಪೂರ್ತಿ ಮುಗಿಯೂದಿಲ್ಲ. ಆದ್ರೂ ಜಪಾನಿನ ಹೈಸ್ಕೂಲ್ ಹುಡುಗ್ರು "ಕಬಡ್ಡಿ ಕಬಡ್ಡಿ" ಅಂತ ಉಸಿರು ಹಿಡಿಯೂದನ್ನ ನಮ್ಮ ಕಡೆಯಾಂವ ಒಮ್ಮೆ ನೋಡಬೇಕು. ಹೈಕ್ಯೂ ಮೊದಲ, ಇದು ಆಮ್ಯಾಲೆ.

ಕಡ್ಲೆಮಿಠಾಯಿ:

10 ವರ್ಷದವಳಿಗೆ ಆರಿಸುವಾಗ ಚಿತ್ರ ನೋಡಿ ಮೋಸ ಹೋಗಬೇಡಿ. ಗುಂಡು ಮುಖ, ದೊಡ್ಡ ಕಣ್ಣು, ಮುದ್ದು ಮಕ್ಕಳು ಅಂತ "ಮೇಡ್ ಇನ್ ಅಬಿಸ್" ಹಾಕಿಬಿಟ್ಟೀರಿ, ಅದರಲ್ಲಿ ಮಕ್ಕಳಿಗೆ ಆಗೋ ಹಿಂಸೆ ದೊಡ್ಡವರಿಗೇ ನೋಡೋಕಾಗಲ್ಲ. "ಮಡೋಕಾ ಮ್ಯಾಜಿಕಾ" ಅದೇ ಥರ, ಎರಡು ಎಪಿಸೋಡ್ ಸಕ್ಕರೆ, ಮೂರನೆಯದರಲ್ಲಿ ನೆಲ ಕುಸಿಯುತ್ತೆ. ಪೋಸ್ಟರ್ ಅಲ್ಲ, ವಯಸ್ಸಿನ ರೇಟಿಂಗ್ ನೋಡಿ.

"ಡಾಕ್ಟರ್ ಸ್ಟೋನ್" ಕೊಡಿ. ಮೊದಲ ಸೀಸನ್ 2019, 24 ಎಪಿಸೋಡ್. ಮನುಷ್ಯರೆಲ್ಲ ಕಲ್ಲಾಗಿ 3,700 ವರ್ಷ ಆದಮೇಲೆ ಎದ್ದ ಹುಡುಗ ಮೊದಲಿಂದ ವಿಜ್ಞಾನ ಕಟ್ಟಿಕೊಂಡು ಬರ್ತಾನೆ. ಸಮುದ್ರದ ದಡದ ಚಿಪ್ಪು ಕುಟ್ಟಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡೋ ಎಪಿಸೋಡ್ ಇದೆ: ಅದೇ ಪುಡಿ ಹೊಲದ ಹುಳಿ ಮಣ್ಣಿಗೂ ಆಯ್ತು, ಸೋಪಿಗೂ ಆಯ್ತು, ಕಟ್ಟಡದ ಗಾರೆಗೂ ಆಯ್ತು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡೋದನ್ನ ಕೇಳಿದವರಿಗೆ ತಕ್ಷಣ ಹೊಳೆಯುತ್ತೆ. ಹುಡುಗಿಯರ ಬಟ್ಟೆ ವಿಚಾರದಲ್ಲಿ ಅಲ್ಲಲ್ಲಿ ಸಣ್ಣತನ ಇದೆ, ಮೊದಲ ಎರಡು ಮೂರು ಎಪಿಸೋಡ್ ನೀವೇ ಜೊತೆಗೆ ಕೂತು ನೋಡಿ.

ಓದೋಕೆ ಬೇಜಾರು ಅಂದರೆ "ಸ್ಪೈ ಫ್ಯಾಮಿಲಿ" ಹಿಂದಿ ಡಬ್‌ನಲ್ಲಿ. ಅಪ್ಪ ಗೂಢಚಾರ, ಅಮ್ಮ ಕೊಲೆಗಾರ್ತಿ, ಮನಸ್ಸು ಓದೋ ಮಗಳಿಗೆ ಮಾತ್ರ ಎಲ್ಲ ಗೊತ್ತು. ಹೊಡೆದಾಟ ಇದೆ, ಹೆಚ್ಚಿನದು ತಮಾಷೆಯ ಧಾಟಿ.

ಬಡ್ಡಿಲೆಕ್ಕ:

ಐದನೆಯವರು ಬ್ಯಾಂಕಿನವರು ಅಂದಮೇಲೆ "ಸ್ಪೈಸ್ ಆ್ಯಂಡ್ ವುಲ್ಫ್" ಬಿಟ್ಟು ಬೇರೆ ಹೇಳೋ ಹಾಗೇ ಇಲ್ಲ. ಗಾಡಿ ಕಟ್ಟಿಕೊಂಡು ಊರೂರು ತಿರುಗೋ ವ್ಯಾಪಾರಿ, ಜೊತೆಗೆ ಹೆಣ್ಣಿನ ರೂಪದ ತೋಳದೇವತೆ. ಇಬ್ಬರ ಪ್ರೀತಿ ಪೂರ್ತಿ ಚೌಕಾಶಿಯ ಭಾಷೆಯಲ್ಲೇ ನಡೆಯುತ್ತೆ. ಮೊದಲ ಕಥೆ ಒಂದು ಬೆಳ್ಳಿ ನಾಣ್ಯದ್ದು. ಬೆಳ್ಳಿಯ ಪ್ರಮಾಣ ಜಾಸ್ತಿ ಮಾಡ್ತಾರಂತೆ, ಈಗಲೇ ಹಳೇದು ಕೂಡಿಡಿ ಅಂತ ಒಬ್ಬ ಸುದ್ದಿ ಹಬ್ಬಿಸ್ತಾನೆ. ಅವಳು ನಾಣ್ಯಗಳನ್ನ ಅಂಗೈಯಲ್ಲಿ ಕುಲುಕಿ ಸದ್ದು ಕೇಳಿಯೇ ಹೇಳ್ತಾಳೆ: ಬೆಳ್ಳಿ ಜಾಸ್ತಿ ಆಗಿಲ್ಲ, ಕಡಿಮೆ ಆಗಿದೆ. ಹಾಗಿದ್ದರೆ ಬೆಲೆ ಬೀಳೋ ನಾಣ್ಯವನ್ನ ಯಾರೋ ಯಾಕೆ ಗುಡ್ಡೆ ಹಾಕ್ತಿದ್ದಾರೆ? ಅಲ್ಲಿಂದ ಮುಂದೆ ಬ್ಯಾಂಕಿನವರು ಎದ್ದು ಹೋಗಲ್ಲ.

ಇಲ್ಲಿ ಎಡವೋದು ಆವೃತ್ತಿ ಆರಿಸೋದ್ರಲ್ಲಿ. 2008ರದ್ದು ಒಂದು, 2024ರದ್ದು ಇನ್ನೊಂದು. ಎರಡೂ ಕಥೆಯ ಮೊದಲಿಂದಲೇ ಶುರು, ಮುಖ್ಯ ಇಬ್ಬರ ಧ್ವನಿಯೂ ಅದೇ ಕಲಾವಿದರದ್ದು. ಹೊಸಬರಿಗೆ 2024ರದ್ದು ಸಾಕು, 25 ಎಪಿಸೋಡ್. ಹಳೆಯದರ ಬಣ್ಣ ನನಗೆ ಹೆಚ್ಚು ಇಷ್ಟ, ಅದು ಬೇರೆ ಮಾತು. ಮೊದಲ ಎಪಿಸೋಡಲ್ಲಿ ಅವಳು ಕಾಣಿಸಿಕೊಳ್ಳೋದೇ ಬಟ್ಟೆ ಇಲ್ಲದೆ, ಹಾಲ್‌ನಲ್ಲಿ ಎಲ್ಲರ ಮುಂದೆ ಹಾಕೋಕೆ ಮುಂಚೆ ಯೋಚಿಸಿ.

ಆಫೀಸ್ ಪ್ರೀತಿ ಬೇಕು ಅಂದವರಿಗೆ "ವೋಟಕೋಯ್" ಕೊಡೋ ಅಭ್ಯಾಸ ಇದೆ, 11 ಎಪಿಸೋಡ್. ಅದರ ಅರ್ಧ ಹಾಸ್ಯ ಅನಿಮೆ, ಗೇಮ್ ಹುಚ್ಚಿನ ಮೇಲೇ ನಿಂತಿದೆ. ಒಂದೂ ಅನಿಮೆ ನೋಡಿರದವರು ನಗೋದಾದರೂ ಯಾವುದಕ್ಕೆ?

ಜಗಲಿಕಟ್ಟೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಅನುಮಾನ. ಅಮ್ಮನಿಗೆ ತಾಳಮದ್ದಳೆ, ಹರಿಕಥೆ ಅಂದರೆ ಪ್ರಾಣ. "ರಕುಗೊ ಶಿಂಜು" ಕೊಡಬಹುದಾ? ಮತ್ತೆ ಒಂದನೇ ನಂಬರ್‌ನವರಿಗೆ "ಸ್ಟೈನ್ಸ್ ಗೇಟ್" ಕೊಡಿ ಅಂತ ಇಬ್ಬರು ಹೇಳಿದ್ದಾರೆ.

ಸಬ್‌ಟೈಟಲ್ ಶಾನುಭೋಗ:

ರಕುಗೊ ಕೊಡಬಹುದು, ಆದರೆ ಎರಡನೆಯದಾಗಿ. ರಕುಗೊ ಅಂದರೆ ಒಬ್ಬನೇ ದಿಂಬಿನ ಮೇಲೆ ಕೂತು, ಕೈಯಲ್ಲಿ ಒಂದು ಬೀಸಣಿಗೆ, ಒಂದು ಕರವಸ್ತ್ರ ಇಟ್ಟುಕೊಂಡು ಎಲ್ಲ ಪಾತ್ರವನ್ನೂ ತಾನೇ ಹೇಳೋ ಕಲೆ. ಮುಖ ಎಡಕ್ಕೆ ತಿರುಗಿದರೆ ಯಜಮಾನ, ಬಲಕ್ಕೆ ತಿರುಗಿದರೆ ಆಳು. ಮಡಚಿದ ಬೀಸಣಿಗೆಯೇ ಚಾಪ್‌ಸ್ಟಿಕ್, ಅದೇ ಹೊಗೆ ಕೊಳವೆ. ವೇಷ ಇಲ್ಲದೆ ಕೂತಲ್ಲೇ ಮಾತಲ್ಲಿ ಕಟ್ಟೋ ತಾಳಮದ್ದಳೆ ಬಲ್ಲವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಬೇರೆ ಕಡೆ ಇದೆ. ಮೊದಲ ಎಪಿಸೋಡೇ ಮಾಮೂಲಿಗಿಂತ ಎರಡರಷ್ಟು ಉದ್ದ. ಕಥೆ ಹೇಳೋ ಭಾಗದಲ್ಲಿ ಮಾತು ಎಷ್ಟು ವೇಗ ಅಂದರೆ ಕಣ್ಣು ಸಬ್‌ಟೈಟಲ್ ಬಿಟ್ಟು ಮೇಲೇಳಲ್ಲ, ನೋಡಬೇಕಾದ ಮುಖವೇ ತಪ್ಪಿಹೋಗುತ್ತೆ. "ಶಿಂಜು" ಅಂದರೆ ಜೋಡಿ ಆತ್ಮಹತ್ಯೆ, ಕಥೆಯ ನೆರಳು ಅದೇ. ಮುಶಿಶಿಯಲ್ಲಿ ಹತ್ತು ಎಪಿಸೋಡ್ ಓದೋ ಅಭ್ಯಾಸ ಆಗಲಿ, ಆಮೇಲೆ ಇದು. 2016ರ 13, 2017ರ 12 ಎಪಿಸೋಡ್, ಅಲ್ಲಿಗೆ ಕಥೆ ಸಂಪೂರ್ಣ.

ಓದೋದು ನಿಧಾನ ಅಂದಿರಿ: ನೆಟ್‌ಫ್ಲಿಕ್ಸ್‌ನ ಮೊಬೈಲ್ ಆ್ಯಪಿನಲ್ಲಿ ವೇಗ 0.75ಕ್ಕೆ ಇಳಿಸಬಹುದು, ಮುಶಿಶಿಯಂಥದ್ದಕ್ಕೆ ಬೇಕಾಗಲ್ಲ, ರಕುಗೊ ಥರದ್ದಕ್ಕೆ ಬೇಕಾಗುತ್ತೆ. ಇನ್ನೊಂದು, ಇಂಗ್ಲಿಷ್ ಅಂತ ಎರಡು ಸಬ್‌ಟೈಟಲ್ ಕಂಡರೆ "ಸಿಸಿ" ಅಂತ ಇರೋದನ್ನ ಬಿಡಿ. ಅದು ಸಾಮಾನ್ಯವಾಗಿ ಇಂಗ್ಲಿಷ್ ಡಬ್‌ಗೆ ಬರೆದದ್ದು. ಜಪಾನೀ ಧ್ವನಿ ಮುಗಿದರೂ ಅಕ್ಷರ ನಿಂತೇ ಇರುತ್ತೆ, ಇಲ್ಲ ಮೊದಲೇ ಓಡುತ್ತೆ.

ಬಡ್ಡಿಲೆಕ್ಕ:

ಸ್ಟೈನ್ಸ್ ಗೇಟ್ ಬೇಡ ಅನ್ನೋದು ನನ್ನ ಓಟು. ಮಾಟ ಮಂತ್ರ ಇಲ್ಲ ನಿಜ, ಮೈಕ್ರೋವೇವ್‌ನಿಂದ ಭೂತಕಾಲಕ್ಕೆ ಮೆಸೇಜ್ ಕಳಿಸೋ ಕಥೆ. 24 ಎಪಿಸೋಡ್, 12ರಲ್ಲಿ ತಿರುವು. ಅಲ್ಲೀತನಕ ಹುಚ್ಚು ವಿಜ್ಞಾನಿಯ ವೇಷದ ಹುಡುಗ, ಜಪಾನಿನ ಇಂಟರ್‌ನೆಟ್ ತಮಾಷೆ. ಕ್ರೈಂ ನೋಡೋರಿಗೆ ಹನ್ನೊಂದು ಎಪಿಸೋಡ್ ತಾಳ್ಮೆ ಎಲ್ಲಿಂದ ಬರಬೇಕು? ಕೊಟ್ಟರೂ, ಪಟ್ಟಿಯಲ್ಲಿ "23β" ಅಂತ ಒಂದು ಕಂಡರೆ ಅದನ್ನ ಮೊದಲ ಸಲ ನೋಡಬೇಡಿ. 23ರ ಬದಲಿ ರೂಪ ಅದು, 2018ರ "ಸ್ಟೈನ್ಸ್ ಗೇಟ್ ಜೀರೋ"ಗೆ ಹೋಗೋ ಬಾಗಿಲು.

ಅದರ ಬದಲು "ಪ್ರಾಮಿಸ್ಡ್ ನೆವರ್‌ಲ್ಯಾಂಡ್" ಹೇಳೋಣ ಅಂದುಕೊಂಡೆ, ಅದರಲ್ಲೂ ರಾಕ್ಷಸರು ಬರ್ತಾರೆ. ಬೇರೆ ಯಾರಿಗಾದರೂ ಕೊಡೋದಾದರೆ 2019ರ ಮೊದಲ ಸೀಸನ್ 12 ಎಪಿಸೋಡ್ ನೋಡಿ ನಿಲ್ಲಿಸಿ. ಎರಡನೇ ಸೀಸನ್ ಮೂಲ ಮಾಂಗಾದ (ಜಪಾನೀ ಕಾಮಿಕ್ಸ್) ದೊಡ್ಡ ದೊಡ್ಡ ಭಾಗ ಹಾರಿಸಿ ಹನ್ನೊಂದರಲ್ಲಿ ಗಂಟು ಕಟ್ಟಿ ಎಸೆದಿದೆ.

ಕಡ್ಲೆಮಿಠಾಯಿ:

ಫ್ರೀರೆನ್ ಯಾರೂ ಹೇಳಲಿಲ್ಲ? ರಾಕ್ಷಸರಾಜನನ್ನ ಕೊಂದು ಮುಗಿಸಿದ ಮೇಲೆ ಶುರುವಾಗೋ ಕಥೆ, ಜೊತೆಗಾರರು ಮುದುಕರಾಗಿ ಸಾಯ್ತಾರೆ, ಸಾವಿರಾರು ವರ್ಷ ಬದುಕೋ ನಾಯಕಿ ಫ್ರೀರೆನ್‌ಗೆ ಅದು ಆಮೇಲೆ ತಟ್ಟುತ್ತೆ. ಅಮ್ಮನಿಗೆ ಹಿಡಿಸಬಹುದು. ಮೊದಲ ಸೀಸನ್ 28 ಎಪಿಸೋಡ್, ನಿಮ್ಮ ಲೆಕ್ಕಕ್ಕೆ ಎರಡು ಜಾಸ್ತಿ. 2023ರಲ್ಲಿ ಮೊದಲ ನಾಲ್ಕನ್ನ ಒಟ್ಟಿಗೆ ಎರಡು ಗಂಟೆಯ ಸಿನಿಮಾದ ಹಾಗೆ ಪ್ರಸಾರ ಮಾಡಿದ್ದು, ನೀವೂ ಭಾನುವಾರ ಮಧ್ಯಾಹ್ನ ನಾಲ್ಕೂ ಒಟ್ಟಿಗೆ ಹಾಕಿ. ಒಂದೇ ಎಪಿಸೋಡ್ ನೋಡಿ ತೀರ್ಮಾನಿಸಿದರೆ ತಪ್ಪಾಗುತ್ತೆ. ರಕ್ತ ಇದೆ, ಅಪರೂಪಕ್ಕೆ: 7ರಿಂದ 10ರ ನಡುವೆ ರಾಕ್ಷಸರ ಜೊತೆ ಹೋರಾಟ.

ಹುಬ್ಬಳ್ಳಿ ಲಿಬೆರೊ:

ಟಿವಿಯಾಗ ಆಟೋಪ್ಲೇ ಬಂದ್ ಮಾಡ್ರಿ. ಕೊನೀ ಹಾಡು ಶುರು ಆತು ಅಂದ ಕೂಡ್ಲೆ ಮುಂದಿನ ಎಪಿಸೋಡಿಗೆ ಹಾರತದ, ಭಾಳ ಸರಣಿಯೊಳಗ ಹಾಡಿನ ಹಿಂದ ಒಂದು ತುಣುಕು ಇರತದ. ಆಡ್ ಟ್ಯಾಕ್ಸಿ 13ನೇದನ್ನಂತೂ ಪರದೆ ಕಪ್ಪಾಗೂ ತನಕ ನೋಡಾಕ ಹೇಳ್ರಿ. ಅದರ ಹೆಸರಿನ್ಯಾಗ 2022ರ ಸಿನಿಮಾನೂ ಐತಿ, ಹೆಚ್ಚಿನದೆಲ್ಲ ಅದ ಕಥಿನ ಮತ್ತೊಮ್ಮೆ ಹೇಳೂದು, ಮೊದಲ ಅದನ್ನ ಹಾಕಿದ್ರ ಗುಟ್ಟೆಲ್ಲ ಹೊರಗ ಬೀಳತದ.