ಗುಳ್ಳೆ, ಸುಕ್ಕು, ಬೂಷ್ಟು: ಪೇಂಟಿಂಗ್ ಮೇಸ್ತ್ರಿಗೆ ಕೇಳಿ

ಅಡ್ಮಿನ್: ಗುಂಪಿನ ಮೇಸ್ತ್ರಿಗಳು ಇವತ್ತು ಸಂಜೆ ಬಿಡುವು ಮಾಡ್ಕೊಂಡಿದಾರೆ. ಗೋಡೆ, ಗೇಟು, ಕಿಟಕಿ ಬಣ್ಣದ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಹಾಸನ: ನಮಸ್ಕಾರ ಮೇಸ್ತ್ರಿಗಳೇ. ಹೊಸ ಮನೆ, ಗಾರೆ ಮುಗಿದು ಹದಿನೈದು ದಿನ. ಮುಂದಿನ ವಾರ ಗೃಹಪ್ರವೇಶ. ಪೇಂಟ್ ಹೊಡೆಸಬಹುದಾ?

ಮೇಸ್ತ್ರಿ: ಬೇಡಿ ಸಾರ್. ಕನಿಷ್ಠ 28 ದಿನ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಸಿ ಸಿಮೆಂಟಿನ ಕ್ಷಾರ ಬಣ್ಣ ತಿನ್ನುತ್ತೆ, ಅಲ್ಲಲ್ಲಿ ಬಿಳುಚಿಕೊಳ್ಳುತ್ತೆ. ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗೆ ಬೆವರಿದ್ದರೆ ಗೋಡೆ ಒಣಗಿಲ್ಲ. ಈಗ ಸುಣ್ಣ ಬಳಿದು ಹಾಲು ಉಕ್ಕಿಸಿ.

ಉಡುಪಿ: ಹಾಲ್ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಗುಳ್ಳೆ ಏಳ್ತಾ ಉಂಟು. ಕೆರೆದು ಪುಟ್ಟಿ ಹಾಕಿ ಎರಡು ಸಲ ಪೇಂಟ್ ಮಾಡಿಸಿದೆವು. ಪೇಂಟೇ ಸರಿ ಇಲ್ಲ ಅಂತಾರೆ ಪೇಂಟರ್.

ಮೇಸ್ತ್ರಿ: ಅಕ್ಕ, ಒಂದು ಗುಳ್ಳೆ ಉಗುರಲ್ಲಿ ಎಬ್ಬಿಸಿ, ಆ ಚಕ್ಕೆ ತಿರುಗಿಸಿ ನೋಡಿ. ಬೆನ್ನಿಗೆ ಏನು ಅಂಟಿದೆ? ಗೋಡೆಯ ಆಚೆ ಏನಿದೆ?

ಮೈಸೂರು: ಒಂದೇ ಗೋಡೆಯಲ್ಲಿ ಎರಡು ಶೇಡ್ ಕಾಣ್ತಿದೆ, ಡಬ್ಬ ಬೇರೆ ಬೇರೆ ಇದ್ದಿದ್ದಕ್ಕಾ?

ತುಮಕೂರು: *ಫಾರ್ವರ್ಡ್* ಬಾತ್‌ರೂಮ್ ಬೂಷ್ಟಿಗೆ ರಾಮಬಾಣ! ಬ್ಲೀಚಿಂಗ್ ಪೌಡರ್‌ಗೆ ಟಾಯ್ಲೆಟ್ ಆಸಿಡ್ ಕಲಸಿ ಹಚ್ಚಿ, ಜನ್ಮದಲ್ಲಿ ಬರಲ್ಲ 🙏

ಮೇಸ್ತ್ರಿ: ಯಾರೂ ಇದನ್ನ ಮಾಡಬೇಡಿ. ಎರಡೂ ಸೇರಿದ್ರೆ ಕ್ಲೋರಿನ್ ಗಾಳಿ ಏಳುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಉಸಿರು ಕಟ್ಟಿ ಬೀಳ್ತೀರಿ. ದಯವಿಟ್ಟು ಡಿಲೀಟ್ ಮಾಡಿ.

ತುಮಕೂರು: ನಮ್ಮ ಅತ್ತಿಗೆ ಮಾಡಿದಾರೆ, ಏನೂ ಆಗಿಲ್ಲ.

ಮೇಸ್ತ್ರಿ: ಅವರ ಪುಣ್ಯ. ಡಿಲೀಟ್ ಮಾಡಿ.

ಧಾರವಾಡ: ಗೇಟಿಗೆ ಆಯಿಲ್ ಪೇಂಟ್ ಹೊಡಿಸೀವ್ರಿ, ಪೂರಾ ಸುಕ್ಕಗಟ್ಟೇದ. ಯಾಕ್ರೀ?

ಮೇಸ್ತ್ರಿ: ದಪ್ಪ ಹೊಡೆದಿದ್ದಾರೆ. ಮೇಲೆ ಒಣಗಿ ಒಳಗೆ ಹಸಿ ಉಳಿದಿದೆ. ಪೂರ್ತಿ ಒಣಗಲಿ, ಉಜ್ಜಿ ತೆಳ್ಳಗೆ ಎರಡು ಕೋಟ್, ಮಧ್ಯೆ ಒಂದು ರಾತ್ರಿ ಬಿಡಿ.

ಉಡುಪಿ: ಚಕ್ಕೆ ಹಿಂದೆ ಗಾರೆ ಮರಳು ಅಂಟಿಕೊಂಡಿದೆ. ಗೋಡೆಯಲ್ಲಿ ಬಿಳಿ ಹತ್ತಿ ಹಾಗೆ ಏನೋ ಉಂಟು. ಆಚೆ ದಾಸವಾಳದ ಪಾತಿ, ಹೋದ ವರ್ಷ ಮಣ್ಣು ಏರಿಸಿದ್ದೆವು.

ಮೇಸ್ತ್ರಿ: ಸಿಕ್ಕಿತು. ಬರೀ ಬಣ್ಣದ ಪದರ ಎದ್ದು ಬಂದಿದ್ರೆ ಧೂಳಿನ ಮೇಲೆ, ಪ್ರೈಮರ್ ಇಲ್ಲದೆ ಹೊಡೆದಿದ್ದಾರೆ ಅಂತಿದ್ದೆ. ಮರಳು ಕಿತ್ತುಕೊಂಡು ಬಂದಿದೆ ಅಂದ್ರೆ ನೀರು ಗೋಡೆಯ ಒಳಗಿಂದ ತಳ್ತಾ ಇದೆ. ಆ ಹತ್ತಿಯಂಥದ್ದು ಉಪ್ಪು. ತೇವದ ಜೊತೆ ಮೇಲೆ ಬಂದು, ನೀರು ಆರಿದ ಮೇಲೆ ಹರಳುಗಟ್ಟಿ ಗಾರೆಯನ್ನೇ ಸಡಿಲ ಮಾಡುತ್ತೆ. ತಳಪಾಯದ ಮೇಲೆ ತೇವ ತಡೆಯೋಕೆ ಒಂದು ಪದರ ಹಾಕಿರ್ತಾರೆ. ನಿಮ್ಮ ಪಾತಿ ಮಣ್ಣು ಅದನ್ನ ದಾಟಿ ಮೇಲೆ ಕೂತಿದೆ, ದಿನಾ ನೀರು ಬೇರೆ ಹಾಕ್ತೀರಿ.

ಮೊದಲು ಮಣ್ಣು ತೆಗೆಸಿ, ಮನೆ ನೆಲದ ಮಟ್ಟಕ್ಕಿಂತ ಅರ್ಧ ಅಡಿಯಾದ್ರೂ ಕೆಳಗಿರಲಿ. ಉಪ್ಪನ್ನ ಒಣ ಬ್ರಷ್‌ನಲ್ಲಿ ಕೆಡವಿ ಗುಡಿಸಿ. ನೀರು ಹಾಕಿ ತೊಳೆದ್ರೆ ಕರಗಿ ಮತ್ತೆ ಒಳಗೇ ಹೋಗುತ್ತೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ಒಡೆಸಿ, ಬೇಸಿಗೆ ಪೂರ್ತಿ ಒಣಗೋಕೆ ಬಿಡಿ, ಆಮೇಲೆ ಹೊಸ ಗಾರೆ. ಅಂಗಡಿಯವರು ಒಳಗಡೆಗೆ ವಾಟರ್‌ಪ್ರೂಫ್ ಕೋಟ್ ಅಂತಾರೆ, ಬೇಡ. ಈಚೆ ದಾರಿ ಮುಚ್ಚಿದ್ರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತೆ. ಬೇಸಿಗೆ ಕಳೆದ್ರೂ ಗೆರೆ ಇಳಿಯದಿದ್ರೆ ಎಂಜಿನಿಯರ್‌ಗೆ ತೋರಿಸಿ. ಪೇಂಟರ್‌ನ ಬೈಬೇಡಿ, ಪೇಂಟನ್ನೂ ಬೈಬೇಡಿ.

ಮಂಡ್ಯ: ಪೇಂಟರ್‌ನ ಯಾಕೆ ಬೈಬಾರ್ದು? ಇಪ್ಪತ್ತು ಲೀಟರ್ ಡಬ್ಬಕ್ಕೆ ಬಕೆಟ್‌ಗಟ್ಲೆ ನೀರು ಸುರೀತಾರೆ. ವರ್ಷಕ್ಕೇ ಕೈಗೆ ಹಿಟ್ಟು ಮೆತ್ಕೊಳ್ತದೆ.

ದಾವಣಗೆರೆ ಪೇಂಟರ್: ಚದರಡಿಗೆ ಒಂದು ರೂಪಾಯಿ ಇಳಿಸೋಕೆ ಗಂಟೆಗಟ್ಟಲೆ ಚೌಕಾಶಿ ಮಾಡ್ತೀರಲ್ಲ ಸ್ವಾಮಿ, ಆವಾಗ ಎಲ್ಲಿ ಹೋಗಿತ್ತು ಕ್ವಾಲಿಟಿ?

ಮಂಡ್ಯ: ದುಡ್ಡು ಕಮ್ಮಿ ಅಂತ ಮೋಸ ಮಾಡ್ಬೋದಾ?

ದಾವಣಗೆರೆ ಪೇಂಟರ್: ಮೋಸ ಅನ್ನೋ ಮಾತು ವಾಪಸ್ ತಗೊಳ್ಳಿ.

ಹಾಸನ: ಮೇಸ್ತ್ರಿಗಳೇ, ಬರೀ ಒಂದು ಕೋಟ್ ಪುಟ್ಟಿ?

ಮೇಸ್ತ್ರಿ: ಮೇಲೆ ಬರೆದಿದೆ.

ಮೈಸೂರು: ಸಾರ್ ನನ್ನ ಶೇಡ್ ವಿಷಯ?

ತೀರ್ಥಹಳ್ಳಿ: ಅಜ್ಜನ ಕಾಲದ ಕಿಟಕಿಗಳ ಆಯಿಲ್ ಪೇಂಟ್ ಮೆಷಿನ್‌ನಲ್ಲಿ ಉಜ್ಜಿಸ್ತಾ ಇದೀವಿ. ಮನೆಯೆಲ್ಲ ಧೂಳು, ಮಗಳು ತೆವಳೋ ಕೂಸು. ಬೇಗ ಮುಗಿಸೋಕೆ ಉಪಾಯ ಇದೆಯಾ?

ಮೇಸ್ತ್ರಿ: ತಾಯಿ, ಈಗಲೇ ನಿಲ್ಲಿಸಿ. ಮನೆ ಪೇಂಟಲ್ಲಿ ಸೀಸ (ಲೆಡ್ ಅನ್ನೋ ವಿಷದ ಲೋಹ) 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಹಳೇ ಆಯಿಲ್ ಪೇಂಟಲ್ಲಿ ಅದು ಎಷ್ಟೂ ಇರಬಹುದು. ಧೂಳು ನೆಲಕ್ಕೆ ಕೂರುತ್ತೆ, ಮಗು ಕೈ ಬಾಯಿಗಿಡುತ್ತೆ. ಕೂಸನ್ನ ಬೇರೆ ಮನೆಗೆ ಕಳಿಸಿ. ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಟಕಿಗೆ ನೀರು ಚಿಮುಕಿಸಿ ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಉಜ್ಜೋ ಮರಳು ಕಾಗದ) ಕೈಯಲ್ಲೇ ಉಜ್ಜಿಸಿ, ಬೆಂಕಿ ಹಿಡಿದು ಸುಡಿಸಲೇಬೇಡಿ. ಮಗು ಧೂಳಲ್ಲಿ ಆಡಿದ್ರೆ ಡಾಕ್ಟರಿಗೆ ಹೇಳಿ, ಸೀಸಕ್ಕೆ ರಕ್ತಪರೀಕ್ಷೆ ಇದೆ.

ತುಮಕೂರು: ಸುಮ್ನೆ ಹೆದರಿಸ್ತೀರಿ. ನಾವೆಲ್ಲ ಅದೇ ಧೂಳಲ್ಲಿ ಬೆಳೆದಿಲ್ವಾ?

ಮೇಸ್ತ್ರಿ: ಅಡ್ಮಿನ್, ಇವರ ಬ್ಲೀಚಿಂಗ್ ಪೌಡರ್ ಮೆಸೇಜ್ ಇನ್ನೂ ಹಾಗೇ ಇದೆ. ಅದನ್ನ ತೆಗೀರಿ, ಆಮೇಲೆ ಮಿಕ್ಕಿದ್ದು.