ಘೆಟ್ಟೋಗೆ ‘ಕೇರಿ’ ಅನ್ನಬಹುದೇ? ‘ಭಾವಚಿತ್ರ’ದ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ವಿಕ್ಟರ್ ಉಲ್‌ಮನ್ ಎಂಬ ಸಂಗೀತ ರಚನಕಾರರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳು ಮುಂದಕ್ಕೆ ಹೋಗಲು ಬಿಡುತ್ತಿಲ್ಲ.

ಮೊದಲನೆಯದು ಘೆಟ್ಟೋ, ಅಂದರೆ ಯಹೂದಿಗಳನ್ನು ಬೇರೆಯಾಗಿ ಕೂಡಿಹಾಕಿದ ಜಾಗ. 1942ರ ಸೆಪ್ಟೆಂಬರ್‌ನಲ್ಲಿ ನಾಜಿಗಳು ಉಲ್‌ಮನ್ ಅವರನ್ನು ಪ್ರಾಗ್‌ನಿಂದ ಟೆರೆಜಿನ್ ಎಂಬ ಹಳೆಯ ಕೋಟೆ ಊರಿಗೆ ಸಾಗಿಸಿದರು. ನಾಜಿಗಳು ಘೆಟ್ಟೋ ಮಾಡಿದ, ಸುಮಾರು 33,000 ಜನ ಸತ್ತ ಊರು ಅದು. ಮೊದಲ ಕರಡಿನಲ್ಲಿ ‘ಯಹೂದಿಗಳ ಕೇರಿ’ ಅಂತ ಬರೆದಿದ್ದೆ. ಅಚ್ಚಗನ್ನಡ, ಓದೋಕೂ ಚೆನ್ನಾಗಿತ್ತು. ಮಾರನೇ ದಿನ ಹೊಡೆದುಹಾಕಿದೆ.

ಘೆಟ್ಟೋ ಪದ ಹುಟ್ಟಿದ್ದು ವೆನಿಸ್‌ನಲ್ಲಿ. 1516ರಲ್ಲಿ ಅಲ್ಲಿನ ಯಹೂದಿಗಳೆಲ್ಲ ಒಂದೇ ಕಡೆ ಇರಬೇಕು ಅಂತ ಆಜ್ಞೆಯಾಯಿತು. ಆ ಜಾಗದಲ್ಲಿ ಹಿಂದೆ ಲೋಹದ ಎರಕ ಹೊಯ್ಯುತ್ತಿದ್ದರು, ಎರಕದ ಸಾಲೆಯ ಹೆಸರೇ ಘೆಟ್ಟೋ ಆಯಿತು ಅನ್ನುವುದು ಹೆಚ್ಚಿನವರ ಮಾತು. ರಾತ್ರಿ ಬಾಗಿಲು ಹಾಕುತ್ತಿದ್ದರು, ಬೆಳಗ್ಗೆ ತೆಗೆಯುತ್ತಿದ್ದರು. ಹಗಲು ಹೊರಗೆ ಹೋಗಿ ದುಡಿದು ಬರಬಹುದಿತ್ತು. ಅದಕ್ಕೆ ಕೇರಿ ಅಂದರೆ ನಡೆದೀತು. ನಮ್ಮಲ್ಲೂ ಹುಟ್ಟಿನ ಕಾರಣಕ್ಕೆ ಜನರನ್ನು ಊರಾಚೆ ಇಟ್ಟ ಜಾಗಕ್ಕೆ ಕೇರಿ ಅಂತಲೇ ಹೆಸರು. ಆ ನೋವು ಪದದ ಒಳಗೇ ಇದೆ.

ಆದರೆ 1940ರ ನವೆಂಬರ್‌ನಲ್ಲಿ ಪೋಲೆಂಡಿನ ವಾರ್ಸಾದಲ್ಲಿ ನಾಜಿಗಳು ಮಾಡಿದ್ದೇ ಬೇರೆ. 3 ಮೀಟರ್‌ಗೂ ಎತ್ತರದ ಗೋಡೆ ಕಟ್ಟಿ 4 ಲಕ್ಷ ಜನರ ಮೇಲೆ ಬಾಗಿಲು ಮುಚ್ಚಿದರು. ಜಾಗ ಬರೀ 3.4 ಚದರ ಕಿಲೋಮೀಟರ್. ಒಳಗೆ ಹಸಿವು, ಟೈಫಸ್ ಜ್ವರ. 1942ರ ಜುಲೈನಿಂದ ಟ್ರೆಬ್ಲಿಂಕಾಗೆ ರೈಲುಗಳು ಹೊರಟವು, ಅಲ್ಲಿ ಕಾಯುತ್ತಿದ್ದದ್ದು ಸಾವು. ಕೇರಿಯಲ್ಲಿ ಎಷ್ಟೇ ಕಷ್ಟವಿದ್ದರೂ ಜನ ಮದುವೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ಇಲ್ಲಿಗೆ ಆ ಪದ ತಂದರೆ ಓದುವವರ ಕಣ್ಣಿಗೆ ಒಂದು ಬೀದಿ ಕಾಣುತ್ತದೆಯೇ ಹೊರತು ಗೋಡೆ ಕಾಣುವುದಿಲ್ಲ.

ಗೆಳೆಯರೊಬ್ಬರು ‘ದೊಡ್ಡಿ’ ಅನ್ನಿ ಅಂದರು. ಬೀಡಾಡಿ ದನ ಕೂಡಿಹಾಕುವ ದೊಡ್ಡಿ. ಕೂಡಿಹಾಕುವ ಅರ್ಥ ಸರಿಯಾಗಿಯೇ ಬರುತ್ತದೆ. ಆದರೆ ಮನುಷ್ಯರನ್ನು ದನದ ಹಾಗೆ ಕಂಡವರು ಕೂಡಿಹಾಕಿದವರು. ನಾನೂ ಹಾಗೇ ಕರೆಯಲೇ? ಮನಸ್ಸು ಬರಲಿಲ್ಲ. ‘ವಸತಿ ಪ್ರದೇಶ’ ಅಂತೂ ಬೇಡವೇ ಬೇಡ. ವಾರ್ಸಾದಲ್ಲಿ ಜರ್ಮನ್ನರ ಅಧಿಕೃತ ಹೆಸರು ಅದೇ ಆಗಿತ್ತು: ‘ಯಹೂದಿ ವಸತಿ ಪ್ರದೇಶ’. ಜನರನ್ನು ಹೀಗೆ ಒಯ್ದದ್ದಕ್ಕೆ ‘ಗಡಿಪಾರು’ ಅನ್ನುವುದೂ ನನಗೆ ಹಿಡಿಸದು. ರೌಡಿಗಳನ್ನು ಜಿಲ್ಲೆಯಿಂದ ಆಚೆ ಕಳಿಸುವ ಪದ ಅದು, ಅಲ್ವಾ? ‘ಸಾಗಿಸಿದರು’ ಅಂತಲೇ ಬರೆಯುತ್ತಿದ್ದೇನೆ.

ಘೆಟ್ಟೋ ಪದವನ್ನೇ ಉಳಿಸಲು ಇನ್ನೊಂದು ಕಾರಣವೂ ಇದೆ. ಟೆರೆಜಿನ್‌ನಲ್ಲಿ ಉಲ್‌ಮನ್ 20ಕ್ಕೂ ಹೆಚ್ಚು ಕೃತಿ ರಚಿಸಿದರು. 1944ರಲ್ಲಿ ಒಂದು ಪುಟ್ಟ ಪ್ರಬಂಧವನ್ನೂ ಬರೆದರು. ಹೆಸರು ‘ಗಯಟೆ ಮತ್ತು ಘೆಟ್ಟೋ’. ನಾವು ಸುಮ್ನೆ ಅಳುತ್ತಾ ಕೂರಲಿಲ್ಲ, ಬದುಕುವ ಆಸೆಯಷ್ಟೇ ಕಲೆಯ ಆಸೆಯೂ ನಮಗಿತ್ತು ಅನ್ನುತ್ತಾರೆ ಅದರಲ್ಲಿ. ಗಯಟೆ, ಘೆಟ್ಟೋ ಎರಡನ್ನೂ ಜೋರಾಗಿ ಹೇಳಿ ನೋಡಿ. ಜರ್ಮನ್ನರ ದೊಡ್ಡ ಕವಿಯ ಹೆಸರನ್ನೂ ಜರ್ಮನ್ನರು ತನ್ನನ್ನು ತಳ್ಳಿದ ಜಾಗದ ಹೆಸರನ್ನೂ ಅವರು ಅಕ್ಕಪಕ್ಕ ಕೂರಿಸಿದ್ದಾರೆ. ‘ಗಯಟೆ ಮತ್ತು ಕೇರಿ’ ಅಂದರೆ ಆ ದನಿಯೇ ಹೋಗಿಬಿಡುತ್ತದೆ. ಆ ವರ್ಷದ ಅಕ್ಟೋಬರ್ 16ರಂದು ಅವರನ್ನು ಔಷ್‌ವಿಟ್ಸ್ ಶಿಬಿರಕ್ಕೆ ಸಾಗಿಸಿ ಕೊಂದರು.

ಹಾಗಾಗಿ ಘೆಟ್ಟೋ ಅನ್ನು ಘೆಟ್ಟೋ ಅಂತಲೇ ಉಳಿಸಿದ್ದೇನೆ, ಮೊದಲ ಸಲ ಬಂದಾಗ ‘ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ ಜಾಗ’ ಅಂತ ಒಂದು ಸಾಲು ಸೇರಿಸಿ. ಟೆರೆಜಿನ್‌ಗೆ ಆ ಗೋಡೆ ಹಳೆಯ ಕೋಟೆಯದು.

ಎರಡನೆಯದು ‘ಭಾವಚಿತ್ರ’, ಚಿಕ್ಕ ಪ್ರಶ್ನೆ. ಉಲ್‌ಮನ್ ಅವರ ಗುರು ಆರ್ನಾಲ್ಡ್ ಶೋನ್‌ಬರ್ಗ್. 1908ರಲ್ಲಿ ರಿಚರ್ಡ್ ಗೆರ್ಸ್ಟ್ಲ್ ಎಂಬ ಕಲಾವಿದ ಶೋನ್‌ಬರ್ಗ್, ಹೆಂಡತಿ, ಮಗಳು, ಮಗ ನಾಲ್ವರನ್ನೂ ಒಟ್ಟಿಗೆ ಕೂರಿಸಿ ಬರೆದ ಚಿತ್ರವೊಂದಿದೆ. ಬಣ್ಣವನ್ನು ದಪ್ಪದಪ್ಪಗೆ ಮೆತ್ತಿದ್ದಾನೆ. ಸುತ್ತ ಹಸಿರು. ಮುಖಗಳಲ್ಲಿ ಕಣ್ಣೆಲ್ಲಿ, ಮೂಗೆಲ್ಲಿ ಹುಡುಕಬೇಕು. ಮುಖದ ಭಾವವೇ ಕಾಣದ ಇದಕ್ಕೆ ‘ಭಾವಚಿತ್ರ’ ಅನ್ನಲು ಕೈ ಬರುತ್ತಿಲ್ಲ. ‘ಪಟ’ ಅಂದರೆ ಗೋಡೆಗೆ ಹಾಕಿದ ಹಿರಿಯರ ಫೋಟೋ ನೆನಪಾಗುತ್ತದೆ. ಸದ್ಯಕ್ಕೆ ‘ಶೋನ್‌ಬರ್ಗ್ ಮನೆಮಂದಿ’ ಅಂತ ಬರೆದಿದ್ದೇನೆ. ನಿಮ್ಮ ಕಡೆ ‘ಮನೆಮಂದಿ’ಯಲ್ಲಿ ನೆಂಟರೂ ಸೇರುತ್ತಾರಾ, ಇಲ್ಲ ಒಂದೇ ಒಲೆಯಲ್ಲಿ ಉಣ್ಣುವವರು ಮಾತ್ರವಾ? ತಿಳಿದವರು ಹೇಳಿ.